ಸಿಡ್ಲನ ಹತ್ತು ದಿನ

ಉಜ್ಜಿನಪ್ಪ ಕಣ್ಣು ತೋರಿಸಿಕೊಂಡು ಬರಲು ಬಳ್ಳಾರಿಗೆ ಹೊರಟ ಸೋಮವಾರ ಬೆಳಿಗ್ಗೆ, ಸೊಸೆ ಚನ್ನವೀರಮ್ಮನಿಗೆ ಎರಡೇ ಮಾತು ಹೇಳಿ ಹೋದ.

"ಎಮ್ಮಿಗೆ ಹಿಂಡಿ ನೆನಿ ಹಾಕವ್ವ. ನಾಯಿಗೋಳಿಗೆ ಯಾರೂ ರೊಟ್ಟಿ ಹಾಕಾಕ ಹೋಗಬ್ಯಾಡ್ರಿ, ಸಂಜಿ ಬಸ್ಸಿಗೆ ಬಂದು ನಾನ ಹಾಕ್ತೀನಿ."

ಸಂಜೆ ಬಸ್ಸಿಗೆ, ಜೊತೆಗೆ ಹೋಗಿದ್ದ ಮಗ ಕೊಟ್ರಬಸಪ್ಪ ಒಬ್ಬನೇ ಬಂದ. ಅಂಗಳದಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದ: "ಹಾಸಿಗಿ ಖಾಲಿ ಐತಿ, ನಾಳೆನ ಪೊರಿ ತೆಗೆದುಬಿಡ್ತೀವಿ ಅಂದ್ರು ಡಾಕ್ಟ್ರು. ಎರಡೂ ಕಣ್ಣಿಗೆ ಪಟ್ಟಿ. ಎಂಟು ದಿನ ಅಲ್ಲೇ ಮಲಗಬೇಕು, ಆಮ್ಯಾಲೆ ನಾಕು ದಿನ ಗಾಂಧಿನಗರದಾಗ ಅಕ್ಕನ ಮನ್ಯಾಗ."

"ಉಣ್ಣಾಕ?" ಅಂದಳು ಅವನ ತಾಯಿ ದೊಡ್ಡಬಸಮ್ಮ.

"ಅಕ್ಕ ಬುತ್ತಿ ಒಯ್ತಾಳ. ಆದ್ರ ಒಂದು ಮಾತು. ಅಳಬಾರದು, ಕೆಮ್ಮಬಾರದು, ಬಗ್ಗಬಾರದು ಅಂದಾರ. ಮನಸ್ಸಿಗೆ ಹಚ್ಚಿಕೊಳ್ಳೋ ಸುದ್ದಿ ಯಾವುದೂ ಅಪ್ಪನ ಕಿವಿಗೆ ಹಾಕಬ್ಯಾಡ್ರಿ. ಹೊಲಿಗಿ ಬಿಚ್ಚಿದ್ರ ಕಣ್ಣು ಹೋದಂಗ."

"ಈ ಹೊಲದ ಮನ್ಯಾಗ ಏನು ಸುದ್ದಿ ಇರ್ತೈತೋ? ಎಮ್ಮಿ ಈಯ್ತು ಅನ್ನೋದ ದೊಡ್ಡ ಸುದ್ದಿ," ಎಂದು ದೊಡ್ಡಬಸಮ್ಮ ಎಲೆಯಡಿಕೆಯ ಚೀಲ ಬಿಚ್ಚಿದಳು.

ಸಿರುಗುಪ್ಪದಿಂದ ಮೂರು ಮೈಲಿ, ಕಾಲುವೆಯ ಏರಿಯ ಮಗ್ಗುಲಿಗೆ ಅವರ ಮನೆ. ಸುತ್ತ ಕೊಯ್ಲಿಗೆ ಬಂದ ಭತ್ತ. ಮೂರು ವರ್ಷದ ಹಿಂದೆ ಇದೇ ದೀಪಾವಳಿ ಕಳೆದ ದಿನಗಳಲ್ಲಿ ಯಾರೋ ಕಣದ ನಾಯಿಗೆ ವಿಷದ ವಡೆ ಎಸೆದು, ಅದು ಸತ್ತ ಮೇಲೆ ಎಂಟು ಚೀಲ ಭತ್ತ ಹೊತ್ತುಕೊಂಡು ಹೋಗಿದ್ದರು. ಭತ್ತಕ್ಕಿಂತ ನಾಯಿ ಒದ್ದಾಡಿ ಸತ್ತದ್ದು ಉಜ್ಜಿನಪ್ಪನ ಎದೆಯಲ್ಲಿ ಕೂತುಬಿಟ್ಟಿತು. ಆಮೇಲೆ ಮುಧೋಳದ ಕಡೆಯಿಂದ ಕುರಿ ಹೊಡೆದುಕೊಂಡು ಬಂದವನೊಬ್ಬನಿಂದ ಎರಡು ಬೇಟೆ ನಾಯಿ ಮರಿ ತಂದ. ಗಂಡಿಗೆ ಸಿಡ್ಲ ಎಂದೂ ಹೆಣ್ಣಿಗೆ ಮಿಂಚಿ ಎಂದೂ ಹೆಸರಿಟ್ಟ.

ಉದ್ದ ಕಾಲು, ಹಿಡಿಯಷ್ಟು ನಡು. ನಿಂತಲ್ಲಿ ನಿಲ್ಲುವ ಜಾತಿಯಲ್ಲ ಅವು. ಬೆಳಕು ಹರಿಯುವ ಮೊದಲೇ ಉಜ್ಜಿನಪ್ಪ ಅವನ್ನು ಏರಿಯ ಮೇಲೆ ತೂಬಿನತನಕ ಓಡಿಸಿಕೊಂಡು ಬರಬೇಕು. ಒಂದು ದಿನ ತಪ್ಪಿತೋ, ಒಂದು ಕೌದಿ ಹರಿದಿರುತ್ತಿತ್ತು, ಇಲ್ಲವೇ ಕರು ಹಗ್ಗ ಕಿತ್ತುಕೊಂಡು ಅಂಗಳ ಸುತ್ತುತ್ತಿತ್ತು. ಮುದುಕ ಸಿಟ್ಟಾಗುತ್ತಿರಲಿಲ್ಲ. "ಕೂಡು" ಅಂದರೆ ಕೂಡಬೇಕು, "ತಡಿ" ಅಂದರೆ ಎದುರಿಗೆ ಮೊಲ ಹಾದುಹೋದರೂ ತಡೆಯಬೇಕು. ಒಂದೇ ಮಾತನ್ನು ನೂರು ಸಲ ಹೇಳುವ ಸಮಾಧಾನ ಅವನಿಗಿತ್ತು.

"ಮೊಮ್ಮಗಳನ್ನ ಸಾಲಿಗೆ ಹಾಕು ಅಂದ್ರ ನಾಯಿಗೆ ಸಾಲಿ ತೆಗೆದಾನ," ಎಂದು ದೊಡ್ಡಬಸಮ್ಮ ಗೊಣಗುತ್ತಿದ್ದಳು.

ಸಂಜೆ ನಾಲ್ಕಕ್ಕೆ ಉಜ್ಜಿನಪ್ಪ ಎರಡು ಜೋಳದ ರೊಟ್ಟಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಣವೆಯ ಹಿಂದಿನ ಚಪ್ಪಡಿ ಕಲ್ಲಿಗೆ ಹೋಗುತ್ತಿದ್ದ. ಅಲ್ಲಿಗೆ ಯಾರೂ ಹೋಗುವ ಹಾಗಿಲ್ಲ. ಹೊರಗಿನವರು ಹಾಕಿದ್ದನ್ನು ನಾಯಿಗಳು ಮೂಸುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವರು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ.

ಮಂಗಳವಾರ ಚನ್ನವೀರಮ್ಮ ಹಾಕಿದ ರೊಟ್ಟಿಯನ್ನು ಎರಡೂ ನಾಯಿ ನೋಡಿ ಮುಖ ತಿರುಗಿಸಿದವು. ಬುಧವಾರವೂ ಅಷ್ಟೆ. ಸಿಡ್ಲ ಎಲ್ಲಿಯೋ ಹೋಗಿ ಎಡಗಿವಿ ಹರಿದುಕೊಂಡು ಬಂದ. ಅದೇ ದಿನ ಕಾಲುವೆಯಾಚೆಯ ಹೊಲದ ಎರ್ರಮ್ಮ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ನಿಂತು ಹೇಳಿದಳು: "ಮ್ಯಾಗಳ ಊರಾಗ ಹುಚ್ಚನಾಯಿ ಬಂದೈತಂತ ಚನ್ನವ್ವ. ಒಂದು ಕರ ಕಡಿತಂತ. ಕರ ನೀರು ಕಂಡ್ರ ನಡುಗಿ ನಡುಗಿ, ನೊರಿ ಕಾರಿ ಸತ್ತೈತಿ. ಮಕ್ಕಳನ್ನ ಹೊರಗ ಬಿಡಬ್ಯಾಡ."

ಚನ್ನವೀರಮ್ಮ ಸಿಡ್ಲನ ಕಿವಿ ನೋಡಿದಳು.

ಗುರುವಾರ ಮಧ್ಯಾಹ್ನ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಆರು ವರ್ಷದ ಮಗಳು ಜಂಬಿ ಒಂದು ರೊಟ್ಟಿ ಎತ್ತಿಕೊಂಡು ಹೊರಗೋಡಿದ್ದನ್ನು ನೋಡಿಯೂ ಸುಮ್ಮನಿದ್ದಳು. ಹೊರಗಿನಿಂದ ಹುಡುಗಿಯ ಮಾತು ಕೇಳುತ್ತಿತ್ತು.

"ತಿನ್ನೋ ಸಿಡ್ಲಾ. ತಾತ ಬರೋತನಕ ಉಪಾಸ ಇರ್ತೀಯೇನು? ಬಾಯಿ ತೆಗಿ. ತೆಗಿ ಅಂದ್ರ!"

ಆಮೇಲೆ ಚೀರಿದ ಸದ್ದು.

ಅವಳು ಓಡಿಬಂದಾಗ ಜಂಬಿಯ ಬಲಗೈಯಿಂದ ರಕ್ತ ಮೊಣಕೈತನಕ ಇಳಿದಿತ್ತು. ರೊಟ್ಟಿ ಮಣ್ಣಲ್ಲಿ ಬಿದ್ದಿತ್ತು. ಸಿಡ್ಲ ನಾಲ್ಕು ಹೆಜ್ಜೆ ದೂರದಲ್ಲಿ ಬಾಲ ಮುದುರಿಕೊಂಡು ನಿಂತಿದ್ದ.

"ಖಾರದ ಪುಡಿ ತಾ! ಒತ್ತಿ ಕಟ್ಟು, ವಿಷ ಇಳೀತೈತಿ," ಎಂದು ದೊಡ್ಡಬಸಮ್ಮ ಒಳಗಿಂದ ಡಬ್ಬಿ ಹಿಡಿದುಕೊಂಡೇ ಬಂದಳು.

"ಬ್ಯಾಡ್ರಿ ಅತ್ತಿ. ಸಾಬೂನು ಹಚ್ಚಿ ತೊಳದು ದವಾಖಾನಿಗೆ ಒಯ್ಯೋಣ."

"ನನ್ನ ತವರಾಗ ಇದನ್ನ ಮಾಡ್ತಿದ್ರು. ನಿನಗೇನು ಗೊತ್ತೈತಿ?"

"ಕೂಸಿನ ಕೈ ಅತ್ತಿ, ಉರಿ ತಡಕೊಳ್ಳಂಗಿಲ್ಲ!" ಎಂದು ಚನ್ನವೀರಮ್ಮ ಮಗಳನ್ನು ಎತ್ತಿಕೊಂಡು ನೀರಿನ ಬಾನಿಗೆ ಓಡಿದಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅತ್ತೆಗೆ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ತೊಳೆಯುತ್ತಿರುವಾಗ ಅವಳ ಪಕ್ಕದಿಂದಲೇ ಕೊಟ್ರಬಸಪ್ಪ ಹಾರೆ ಎತ್ತಿಕೊಂಡು ಹೋದದ್ದು ಕಂಡಿತು. ಸಿಡ್ಲ ಬಂಡಿಯ ಕೆಳಗೆ ನುಗ್ಗಿದ. ಮಿಂಚಿ ಮಾತ್ರ, ತನ್ನನ್ನು ಏರಿಯ ಮೇಲೆ ಓಡಿಸಲು ಬಂದನೆಂದು ತಿಳಿಯಿತೋ ಏನೋ, ಬಾಲ ಆಡಿಸುತ್ತ ಎದುರಿಗೇ ಬಂತು.

ಒಂದೇ ಸದ್ದು. ಚನ್ನವೀರಮ್ಮ ತಿರುಗಿ ನೋಡಲಿಲ್ಲ. ಮಗಳ ಕಣ್ಣಿಗೆ ಸೆರಗು ಮುಚ್ಚಿದಳು.

ಸಿರುಗುಪ್ಪದ ದವಾಖಾನೆಯ ಡಾಕ್ಟರು ಮೈಸೂರು ಕಡೆಯವರು. ಗಾಯ ನೋಡಿ ಕೇಳಿದರು: "ಕಡಿದ ನಾಯಿ ಎಲ್ಲಿದೆ?"

"ಅದರ ಜೋಡಿಯದನ್ನ ಕೊಂದೀನ್ರಿ. ಅದೂ ಊಟ ಬಿಟ್ಟಿತ್ತು," ಎಂದ ಕೊಟ್ರಬಸಪ್ಪ. "ಇದನ್ನೂ ಹೋಗಿ ಕೊಲ್ತೀನಿ."

"ಮುಟ್ಟಬೇಡಿ! ಕಟ್ಟಿಹಾಕಿ ಹತ್ತು ದಿನ ನೋಡಿ. ಇವತ್ತಿನಿಂದಲೇ ಮಗುವಿನ ಹೊಟ್ಟೆಗೆ ದಿನಕ್ಕೊಂದು ಸೂಜಿ. ನಾಯಿ ಹತ್ತು ದಿನ ನೆಟ್ಟಗೆ ಬದುಕಿದರೆ ಮಗುವಿಗೆ ಯಾವ ಭಯವೂ ಇಲ್ಲ, ಉಳಿದ ಸೂಜಿ ನಿಲ್ಲಿಸೋಣ. ಅಷ್ಟರೊಳಗೆ ಸತ್ತರೆ ಹದಿನಾಲ್ಕೂ ಕೊಡಬೇಕು."

"ಹದಿನಾಲ್ಕು ಕೊಟ್ರ ಭಯ ಇಲ್ಲಲ್ರಿ?" ಎಂದಳು ಚನ್ನವೀರಮ್ಮ.

ಡಾಕ್ಟರು ಸೂಜಿ ಕುದಿಯುತ್ತಿದ್ದ ಪಾತ್ರೆಯ ಕಡೆ ನೋಡಿದರು. "ಚಿಕ್ಕ ಮಗು, ಕೈಗೆ ಕಡಿದಿದೆ. ಕೊಟ್ಟಮೇಲೂ ಮೂರು ತಿಂಗಳು, ಆರು ತಿಂಗಳು ಕಾಯಬೇಕಮ್ಮ. ನೀರು ಕಂಡರೆ ಹೆದರುತ್ತಾಳಾ ಅಂತ ನೋಡಿಕೊಳ್ಳಿ."

ಸೂಜಿ ಬೆರಳುದ್ದ ಇತ್ತು. ಕೊಟ್ರಬಸಪ್ಪ ಕಾಲು ಹಿಡಿದ, ಅವಳು ಕೈ ಹಿಡಿದಳು. ಜಂಬಿ ಬೇರೆ ಏನನ್ನೂ ಅನ್ನದೆ "ತಾತಾ, ತಾತಾ" ಎಂದು ಕೂಗಿದಳು.

ಸಂಜೆ ದನದ ದವಾಖಾನೆಯ ಕಂಪೌಂಡರ್ ಖಾದರಸಾಬ್ ಸೈಕಲ್ ಮೇಲೆ ಬಂದು, ಬಂಡಿಯ ಕೆಳಗಿಂದ ಸಿಡ್ಲನನ್ನು ಹಗ್ಗದ ಕುಣಿಕೆಯಲ್ಲಿ ಹಿಡಿದು, ಖಾಲಿ ಕೊಟ್ಟಿಗೆಯ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ. ಉಜ್ಜಿನಪ್ಪನ ಹಳೆಯ ಗೆಳೆಯ ಅವನು.

"ಅದ ಬ್ಯಾನಿ ಅಂತ ಈಗ ಹೇಳಾಕ ಬರಂಗಿಲ್ಲ ತಂಗೀ. ಫಿಕರ್ ಮಾಡಬ್ಯಾಡ. ಒಂದು ಬೋಗುಣಿ ನೀರು ತಾ, ಕುಡೀತೈತೇನು ನೋಡೋಣ."

ನೀರು ತಂದು ಕೋಲಿನಿಂದ ಮುಂದೆ ನೂಕಿದರು. ಸಿಡ್ಲ ಬೋಗುಣಿಯನ್ನು ನೋಡಿದ. ಬಾಯಿ ಒಣಗಿ ನಾಲಿಗೆ ಹೊರಗೆ ಬಿದ್ದಿತ್ತು. ಆದರೂ ಹಿಂದೆ ಸರಿದ. ಸರಪಳಿ ಬಿಗಿಯುವತನಕ ಸರಿದು, ಗೋಡೆಗೆ ಮುಖ ಮಾಡಿ, ಮೈಯೆಲ್ಲ ನಡುಗಿಸಿಕೊಂಡು ನಿಂತ.

ಖಾದರಸಾಬ್ ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನಾಳೆ ನೋಡೋಣ," ಎಂದಷ್ಟೇ ಹೇಳಿದ.

ನಾಳೆಯೂ ಕುಡಿಯಲಿಲ್ಲ. ನಾಡಿದ್ದೂ ಕುಡಿಯಲಿಲ್ಲ.

ಕೊಟ್ರಬಸಪ್ಪ ತಟ್ಟೆಯ ಮುಂದೆ ಕೂತು ಪುಂಡಿಪಲ್ಯ ಕಲಸಿ ಹಾಗೇ ಕೈ ತೊಳೆಯುತ್ತಿದ್ದ. ದೊಡ್ಡಬಸಮ್ಮ ದೇವರ ಮುಂದೆ ಕೂತರೆ ಏಳುತ್ತಿರಲಿಲ್ಲ. ಚನ್ನವೀರಮ್ಮ ಗಳಿಗೆಗೊಂದು ಸಲ ಲೋಟ ಹಿಡಿದುಕೊಂಡು ಮಗಳ ಹಿಂದೆ ಓಡಾಡುತ್ತಿದ್ದಳು.

"ಒಂದು ಗುಟುಕು ಕುಡಿ ಜಂಬಿ."

"ಈಗರ ಕುಡದೀನಿ ಯವ್ವ."

"ಇನ್ನೊಂದು."

"ಎಷ್ಟು ಸಲ ಕುಡಸ್ತೀಯವ್ವ? ಹೊಟ್ಟಿ ನೋಯ್ತೈತಿ." ಸೂಜಿ ಚುಚ್ಚಿದ ಜಾಗ ಕೆಂಪಾಗಿ ಊದಿಕೊಂಡಿತ್ತು. ಲಂಗದ ಲಾಡಿ ಕಟ್ಟಲೂ ಆಗದೆ ಹುಡುಗಿ ಅದನ್ನು ಕೈಯಲ್ಲಿ ಹಿಡಿದುಕೊಂಡು ತಿರುಗುತ್ತಿದ್ದಳು.

ಮಗಳು ಗುಟುಕು ನುಂಗುವಾಗ ಚನ್ನವೀರಮ್ಮ ಉಸಿರು ಹಿಡಿದಿರುತ್ತಿದ್ದಳು. ನೀರು ಇಳಿದ ಮೇಲೆ ಬಿಡುತ್ತಿದ್ದಳು. ಕೊಟ್ಟಿಗೆಯಿಂದ ಸರಪಳಿಯ ಸದ್ದು ಬಂದರೆ ಮಗಳನ್ನು ಹತ್ತಿರ ಎಳೆದುಕೊಳ್ಳುತ್ತಿದ್ದಳು. ಸದ್ದು ಬರದಿದ್ದರೆ ಎದ್ದು ಹೋಗಿ ಇಣುಕಿ ನೋಡುತ್ತಿದ್ದಳು.

"ಅದು ಸಾಯ್ತೈತಿ," ಎಂದ ಕೊಟ್ರಬಸಪ್ಪ ಶನಿವಾರ. "ಬ್ಯಾನಿ ಐತಿ ಅನ್ನೋದು ಗೊತ್ತಾಗಿ ಹೋತು. ಇನ್ನ ಅದನ್ನ ಯಾಕ ನರಳಸ್ತೀರಿ?"

"ಡಾಕ್ಟ್ರು ಕೊಲ್ಲಬ್ಯಾಡ ಅಂದಾರ."

"ಡಾಕ್ಟ್ರು ಬಂದು ನೋಡ್ಯಾರೇನು?"

"ನೀವು ಒಂದನ್ನ ನೋಡದನ ಕೊಂದ್ರಿ," ಅಂದುಬಿಟ್ಟಳು.

ಅವನು ತಟ್ಟೆ ಬಿಟ್ಟು ಎದ್ದು ಹೋದ.

ಆ ಸಂಜೆ ಸಿರುಗುಪ್ಪದ ಬಸ್ಸಿನ ಕಂಡಕ್ಟರ ಸುದ್ದಿ ತಂದ. ಗಾಂಧಿನಗರದ ಮಗಳ ಮನೆಗೆ ನೆಂಟರು ಬಂದಿದ್ದಾರೆ, ಭಾನುವಾರದ ಬುತ್ತಿ ಇಲ್ಲಿಂದಲೇ ಯಾರಾದರೂ ತರಬೇಕು.

"ನೀನ ಹೋಗು," ಎಂದಳು ದೊಡ್ಡಬಸಮ್ಮ ಸೊಸೆಗೆ. "ನಾ ಹೋದ್ರ ನನ್ನ ಬಾಯಿ ನಿಲ್ಲಂಗಿಲ್ಲ. ಅವರ ಮುಖ ನೋಡಿ ಎಲ್ಲಾ ಒದರಿಬಿಡ್ತೀನಿ."

ಭಾನುವಾರ ಬೆಳಿಗ್ಗೆ ಮಗಳನ್ನು ಸೂಜಿಗೆ ಗಂಡನ ಕೂಡ ಕಳಿಸಿ, ಚನ್ನವೀರಮ್ಮ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಕುರುಗೋಡು ಅವಳ ತವರು. ಬಸ್ಸು ಅಲ್ಲಿ ನಿಂತಾಗ ಗುಡ್ಡದ ಬುಡದಲ್ಲಿ ತನ್ನ ತಾಯಿಯ ಮನೆಯ ಮಾಳಿಗೆ ಕಂಡಿತು. ಇಳಿದು ಓಡಿಹೋಗಿ ತಾಯಿಯ ತೊಡೆಯ ಮೇಲೆ ಬೀಳಬೇಕು ಅನ್ನಿಸಿತು. ಅಷ್ಟರಲ್ಲಿ ಹತ್ತಿದ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: "ನಮ್ಮೋಣ್ಯಾಗ ಒಬ್ಬಾವ ನಾಯಿ ಕಡಿದು ಎರಡು ತಿಂಗಳು ಚಂದಾಗಿದ್ದ. ಒಂದಿನ ಮುಂಜಾನಿ ಮುಖ ತೊಳಿಯಾಕ ನೀರು ತಗೊಂಡಾವ ಕಿರಿಚಿಕೊಂಡು ಚೊಂಬು ಒಗದ ನೋಡು, ಮೂರ ದಿನ..."

ಚನ್ನವೀರಮ್ಮ ಬುತ್ತಿಯ ಗಂಟನ್ನು ಕಿವಿಗೆ ಒತ್ತಿಕೊಂಡು ಕೂತಳು.

ದೊಡ್ಡ ದವಾಖಾನೆಯ ಉದ್ದನೆಯ ಕೋಣೆಯಲ್ಲಿ ಉಜ್ಜಿನಪ್ಪ ಎರಡೂ ಕಣ್ಣಿಗೆ ಹತ್ತಿಯ ಪಟ್ಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದ. ಹೆಜ್ಜೆಯ ಸದ್ದಿಗೇ ಗುರುತು ಹಿಡಿದ.

"ಚನ್ನವ್ವ ಏನು? ನೀ ಯಾಕ ಬರಾಕ ಹೋದೆವ್ವ?"

"ಬುತ್ತಿ ತಂದೀನ್ರಿ ಮಾವ." ಅವಳು ಪಕ್ಕದಲ್ಲಿ ಕೂತು ಅನ್ನ ಕಲಸಿ ಚಮಚದಲ್ಲಿ ಬಾಯಿಗಿಟ್ಟಳು.

"ಜಂಬಿ?"

"ಆಡಾಕತ್ತಾಳ್ರಿ."

"ನಾಯಿಗೋಳು?"

"ಅದಾವ್ರಿ. ಉಣ್ಣಾಕತ್ತಾವ."

"ಯಾರ ಕೈಲಿ?"

"ನನ್ನ ಕೈಲಿ."

ಮುದುಕನ ಹೊಟ್ಟೆ ಕುಣಿಯಿತು. ನಗಬಾರದೆಂದು ತುಟಿ ಬಿಗಿಹಿಡಿದ. "ಸುಳ್ಳು ಹೇಳ್ತಿ ನೋಡು. ನಿನ್ನ ಕೈಲಿ ತಿಂದ್ರ ನಾ ಮೂರು ವರ್ಷ ಕಲಿಸಿದ್ದು ಎಲ್ಲಿಗೆ ಹೋತು?"

ಚನ್ನವೀರಮ್ಮನ ಚಮಚ ನಿಂತಿತು. "ಮತ್ತ ಹೆಂಗ ತಿಂತಾವ್ರಿ ಮಾವ?"

"ಯಾರಿಗೂ ಹೇಳಬ್ಯಾಡ. ನಿಮ್ಮತ್ತಿಗೆ ಹೇಳಿದ್ರ ಸಂಜಿಯೊಳಗ ಸಿರುಗುಪ್ಪದ ಸಂತಿಗೆಲ್ಲಾ ಗೊತ್ತಾಗ್ತೈತಿ." ಅವನು ದನಿ ಇಳಿಸಿದ. "ಮೊದಲ ನಾ ಅದೇ ರೊಟ್ಟಿಯಾಗ ಒಂದು ತುತ್ತು ಮುರದು ತಿಂತೀನಿ. ಅವು ನನ್ನ ಗಂಟಲ ನೋಡ್ತಾ ಕೂತಿರ್ತಾವ. ತುತ್ತು ಇಳೀಬೇಕು. ಇಳಿದದ್ದು ಕಂಡ ಮ್ಯಾಲೇ ಬಾಯಿ ತೆಗೀತಾವ. ವಿಷ ಹಾಕಾವ ತಾ ತಿಂದು ಹಾಕ್ತಾನೇನು?"

"ನೀರು?" ಅವಳ ದನಿ ಅವಳಿಗೇ ಕೇಳಿಸಲಿಲ್ಲ. "ನೀರು ಹೆಂಗ್ರಿ?"

"ಬೋಗುಣ್ಯಾಗಿನ ನೀರು ಮುಟ್ಟಂಗಿಲ್ಲ. ನಿಂತ ನೀರಾಗ ಯಾರು ಏನು ಕಲಸ್ಯಾರೋ. ಮರಿ ಇದ್ದಾಗ ಬೋಗುಣಿಗೆ ಬಾಯಿ ಹಾಕಿದ್ರ ಮೂಗಿನ ಮ್ಯಾಲೊಂದು ಕೊಡ್ತಿದ್ದೆ. ಈಗ ಬೋಗುಣಿ ಕಂಡ್ರ ನಡುಗತಾವ. ಹರಿಯೋ ನೀರ ಬೇಕು ಅವಕ್ಕ." ಅವನು ತುಸು ತಡೆದ. "ಯಾಕ ಕೇಳ್ತಿ? ಕಟ್ಟಿಹಾಕೀರೇನು?"

"ಇಲ್ರಿ. ಸುಮ್ನ ಕೇಳಿದೆ."

"ಕಟ್ಟಬ್ಯಾಡ್ರಿ. ಬಿಟ್ರ ಕಾಲುವ್ಯಾಗ ಕುಡಿದು, ಇಲಿ-ಹೆಗ್ಗಣ ಹಿಡದು ಹೆಂಗೋ ದಿನ ತೆಗೀತಾವ. ಕಟ್ಟಿದ್ರ ಸಾಯ್ತಾವ. ಮಿಂಚಿ ಹೆಂಗದಾಳ? ಅಕಿ ಬಾಳ ಹಚ್ಚಿಕೊಂಡಾಕಿ. ಯಾರು ಬಂದ್ರೂ ಎದುರಿಗೆ ಹೋಗ್ತಾಳ, ಅದೊಂದು ನನಗ ಕಲಿಸಾಕ ಆಗಲಿಲ್ಲ."

"ಅದಾಳ್ರಿ," ಎಂದಳು ಚನ್ನವೀರಮ್ಮ. ಕಣ್ಣಿಂದ ಧಾರೆ ಇಳಿಯುತ್ತಿತ್ತು. ಸೆರಗನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದು ಚಮಚ ಅನ್ನವನ್ನು ಅವನ ಬಾಯಿಗಿಟ್ಟಳು. ಅವನಿಗೆ ಏನೂ ಕಾಣುವಂತಿರಲಿಲ್ಲ.

ಬಸ್ಸಿನಿಂದಿಳಿದು ಮೂರು ಮೈಲಿಯನ್ನು ಅವಳು ಅರ್ಧ ಓಡಿಯೇ ಬಂದಳು. ಹೊತ್ತು ಇನ್ನೂ ಮುಳುಗಿರಲಿಲ್ಲ. ಕೊಟ್ಟಿಗೆಯಲ್ಲಿ ಸಿಡ್ಲ ಪಕ್ಕಕ್ಕೆ ಬಿದ್ದುಕೊಂಡಿದ್ದ. ಪಕ್ಕೆ ಏಳುತ್ತ ಇಳಿಯುತ್ತ ಇತ್ತು, ಅಷ್ಟೆ. ಬಾಯಿಯ ಸುತ್ತ ಅಂಟಿನಂಥ ನೊರೆ ಒಣಗಿತ್ತು.

ಅವಳು ಗೋಡೆಗೆ ಒರಗಿಸಿದ್ದ ಸಲಿಕೆ ಎತ್ತಿಕೊಂಡಳು.

"ಎಲ್ಲಿಗೆ?" ಕೊಟ್ರಬಸಪ್ಪ ಅಡ್ಡ ಬಂದ.

ಅವಳು ಮಾವ ಹೇಳಿದ್ದನ್ನು ಹೇಳಿದಳು. ಅವನು ತಲೆಯಾಡಿಸಿದ.

"ಕಿವಿ ಹರಕೊಂಡು ಬಂದೈತಿ. ಯಾವ ನಾಯಿ ಕೂಡ ಜಗಳಾಡೈತೋ ಯಾರಿಗೆ ಗೊತ್ತು? ಕಲಿಸಿದ್ದೂ ಇರಬಹುದು, ಬ್ಯಾನಿನೂ ಇರಬಹುದು. ನಿನಗೂ ಕಡಿದ್ರ? ಜಂಬಿ ಒಬ್ಬಾಕಿ ಸಾಲದೇನು?"

"ಅದಕ್ಕ ನೀರು ಬಿಟ್ಟು ನೋಡ್ತೀನಿ. ನಾಯಿನ ಮುಟ್ಟಂಗಿಲ್ಲ."

"ಲೇ, ಹೇಳಿದ್ದು ಕೇಳು!"

"ಆರು ತಿಂಗಳು ನಾ ಲೋಟ ಹಿಡಕೊಂಡು ಅಕಿ ಹಿಂದ ತಿರುಗಲಾರೆ. ನನಗ ಇವತ್ತ ಗೊತ್ತಾಗಬೇಕು."

ಅವನು ಸರಿದು ನಿಂತ. ಹೋಗಿ ಹಾರೆ ತಂದು ಕೊಟ್ಟಿಗೆಯ ಬಾಗಿಲಲ್ಲಿ ಹಿಡಿದು ನಿಂತ. ದೊಡ್ಡಬಸಮ್ಮ ಮೊಮ್ಮಗಳನ್ನು ಒಳಗೆ ಕೂಡಿಕೊಂಡು ಬಾಗಿಲು ಹಾಕಿದಳು.

ಕೊಟ್ಟಿಗೆಯ ಹಿಂದೆಯೇ ಹೊಲಕ್ಕೆ ಹೋಗುವ ಸಣ್ಣ ಕಾಲುವೆ ಇತ್ತು. ಚನ್ನವೀರಮ್ಮ ಸೀರೆ ಎತ್ತಿ ಕಟ್ಟಿ ಅದರ ದಂಡೆ ಕಡಿದಳು. ಮಣ್ಣು ಒಡೆದು, ಕೊಟ್ಟಿಗೆಯ ಗಂಜಲ ಹೋಗುವ ತೂತಿನತನಕ ಗೀರು ತೋಡಿದಳು. ಕೈಗೆ ಬೊಬ್ಬೆ ಬಂತು. ಕೆಂಪು ನೀರು ಮೊದಲು ತಡವರಿಸಿತು, ಆಮೇಲೆ ಸಣ್ಣ ಸದ್ದು ಮಾಡುತ್ತ ಒಳಗೆ ಹರಿಯಿತು.

ಸಿಡ್ಲನ ಹರಿದ ಕಿವಿ ಎದ್ದಿತು.

ಅವನು ಏಳಲು ನೋಡಿ ಬಿದ್ದ. ಮತ್ತೆ ಎದ್ದ. ಎದುರಿಗೆ ಮೂರು ದಿನದಿಂದ ಬೋಗುಣಿ ಹಾಗೇ ಇತ್ತು. ಅದನ್ನು ದಾಟಿ, ಸರಪಳಿ ಎಳೆದುಕೊಂಡು ಹೋಗಿ, ಹರಿಯುವ ನೀರಿಗೆ ಮೂತಿ ಇಟ್ಟ. ಕುಡಿದ. ಉಸಿರು ತೆಗೆದುಕೊಳ್ಳಲು ತಲೆ ಎತ್ತಿದ, ಕೆಮ್ಮಿದ, ಮತ್ತೆ ಕುಡಿದ.

ಅವಳು ಮಡಿಲಿಂದ ರೊಟ್ಟಿ ತೆಗೆದಳು. ಕಂಬದ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಒಂದು ತುತ್ತು ಮುರಿದು ಬಾಯಿಗಿಟ್ಟರೆ ಹೆದರಿಕೆಗೆ ಬಾಯಲ್ಲಿ ಎಂಜಲೇ ಇಲ್ಲ. ಸಿಡ್ಲ ಬಂದು ಎದುರಿಗೆ ಕೂತ. ಅವನ ಕಣ್ಣು ಅವಳ ಗಂಟಲ ಮೇಲೆ ನೆಟ್ಟಿತ್ತು. ಅವಳು ಜಗಿದಳು, ಜಗಿದಳು, ಕೊನೆಗೆ ಕಷ್ಟಪಟ್ಟು ನುಂಗಿದಳು. ರೊಟ್ಟಿ ಹಿಡಿದ ಕೈ ಚಾಚಿದಳು. ಬೆರಳಿಗೆ ಅವನ ಬಿಸಿ ಉಸಿರು ತಾಕಿದಾಗ ಕಣ್ಣು ಮುಚ್ಚಿಕೊಂಡಳು.

ತುಟಿಯ ತುದಿಯಿಂದ, ಬೆರಳಿಗೆ ಹಲ್ಲು ತಾಕದ ಹಾಗೆ, ಸಿಡ್ಲ ರೊಟ್ಟಿ ತೆಗೆದುಕೊಂಡ.

ಬಾಗಿಲಲ್ಲಿ ಹಾರೆ ನೆಲಕ್ಕೆ ಬಿತ್ತು. ಕೊಟ್ರಬಸಪ್ಪ ಹೊಸ್ತಿಲ ಮೇಲೆ ಕೂತಿದ್ದ.

"ಹಂಗಾದ್ರ ಮಿಂಚಿ..." ಎಂದ.

ಅವಳು ಇನ್ನೊಂದು ತುತ್ತು ಮುರಿದಳು.

ಮರುದಿನ ಖಾದರಸಾಬ್ ಬಂದು ನೋಡಿ ಗಡ್ಡ ಸವರಿಕೊಂಡ. "ಕುಡಿದದ್ದು ಬಾಳ ಚಲೋ. ಆದ್ರ ಹತ್ತು ದಿನ ಅಂದ್ರ ಹತ್ತು ದಿನ ತಂಗೀ. ಸರಪಳಿ ಬಿಚ್ಚಬ್ಯಾಡ."

ಭಯ ಹೋಗಲಿಲ್ಲ. ಬೆಳಿಗ್ಗೆ ಸೂಜಿ, ಸಂಜೆ ರೊಟ್ಟಿ. ತುತ್ತು ನುಂಗುವುದು, ಕೈ ಚಾಚುವುದು, ಪ್ರತಿದಿನವೂ ಅದೇ ಹೆದರಿಕೆ. ಓಡಲು ಹುಟ್ಟಿದ ನಾಯಿ ಕಟ್ಟಿದಲ್ಲೇ ಸುತ್ತಿ ಸುತ್ತಿ ನೆಲದಲ್ಲಿ ಗುಂಡಗೆ ಗುಣಿ ಮಾಡಿತು. ಏಳನೆಯ ದಿನ ಅದು ಬೊಗಳಿದಾಗ ದನಿ ಒಡೆದು ಹೋಗಿತ್ತು. ಮನುಷ್ಯ ಗೊರಗೊರ ಅಂದ ಹಾಗೆ.

"ಹುಚ್ಚ ಹಿಡಿದ್ರ ದನಿ ಬದಲಾಗ್ತೈತಂತ," ಎಂದಳು ದೊಡ್ಡಬಸಮ್ಮ, ಅಳುತ್ತ.

ಆ ಮಧ್ಯಾಹ್ನ ಯಾರೂ ಉಣ್ಣಲಿಲ್ಲ. ಖಾದರಸಾಬನನ್ನು ಕರೆತರಲು ಕೊಟ್ರಬಸಪ್ಪ ಸೈಕಲ್ ತುಳಿದುಕೊಂಡು ಹೋಗಿ, ಮೈಯೆಲ್ಲ ಬೆವರಾಗಿ ಅವನ ಕೂಡ ಬಂದ. ಖಾದರಸಾಬ್ ನಾಯಿಯ ಕೊರಳ ಕೂದಲು ಸರಿಸಿ ತೋರಿಸಿದ. ಎಳೆದೆಳೆದು ಸರಪಳಿ ಗಂಟಲನ್ನು ಕೊರೆದಿತ್ತು. "ನಿನ್ನ ಕೊಳ್ಳಿಗೆ ಹಿಂಗ ಕಟ್ಟಿದ್ರ ನಿನ್ನ ದನಿ ಹೆಂಗ ಬರ್ತಿತ್ತೋ ಬಸಪ್ಪ?" ಎಂದ. ಚನ್ನವೀರಮ್ಮ ತನ್ನ ಹಳೆಯ ಸೀರೆ ಹರಿದು ಸರಪಳಿಗೆ ಸುತ್ತಿದಳು. ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚಿದಳು. ಆವತ್ತು ಮೊದಲ ಸಲ ಸಿಡ್ಲನ ತಲೆ ಅವಳ ಮೊಣಕಾಲ ಮೇಲೆ ಬಿತ್ತು. ಅವಳು ಕದಲದೆ ಕೂತಳು, ಹೆದರಿಕೊಂಡೇ.

ಹತ್ತನೆಯ ದಿನ ಭಾನುವಾರ. ಡಾಕ್ಟರು ಖಾದರಸಾಬನ ಮಾತು ಕೇಳಿ, ಜಂಬಿಯ ಹೊಟ್ಟೆಯ ಮೇಲಿನ ಹತ್ತು ಕಲೆ ನೋಡಿ, "ಸಾಕು. ಮನೆಗೆ ಕರೆದುಕೊಂಡು ಹೋಗಿ," ಎಂದರು. ದವಾಖಾನೆಯ ಮೆಟ್ಟಿಲಲ್ಲಿ ಕೂತು ಚನ್ನವೀರಮ್ಮ ಎಷ್ಟು ಅತ್ತಳೆಂದರೆ, ಜಂಬಿಯೇ ಹೋಗಿ ನಲ್ಲಿಯಿಂದ ಬೊಗಸೆಯಲ್ಲಿ ನೀರು ತಂದು "ನೀನೂ ಒಂದು ಗುಟುಕು ಕುಡಿ ಯವ್ವ," ಎಂದಳು.

ಸೋಮವಾರ ಸಂಜೆ ಬಸ್ಸಿಗೆ ಉಜ್ಜಿನಪ್ಪ ಬಂದ. ಕಣ್ಣ ಮೇಲೆ ಹಸಿರು ಬಟ್ಟೆ ಇಳಿಬಿಟ್ಟಿದ್ದರು. ಬೆಳಕು, ನೆರಳು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಮೊಮ್ಮಗಳ ಕೈ ಸವರಿದ. ಗಾಯದ ಗಂಟು ಬೆರಳಿಗೆ ಸಿಕ್ಕಿತು.

"ಏನಿದು?"

"ಬಿದ್ದಿದ್ದೆ ತಾತ," ಎಂದಳು ಜಂಬಿ, ಅಜ್ಜಿ ಹೇಳಿಕೊಟ್ಟ ಹಾಗೆ.

ನಾಲ್ಕು ಗಂಟೆ ಯಾವಾಗಲೋ ಕಳೆದಿತ್ತು. ಅವನು ಕೈ ನೀಡಿದ. ಚನ್ನವೀರಮ್ಮ ಟವೆಲಿನಲ್ಲಿ ರೊಟ್ಟಿ ಸುತ್ತಿ ಕೊಟ್ಟಳು. ಎರಡು ಸುತ್ತಲೋ ಒಂದೋ ಎಂದು ಬಹಳ ಹೊತ್ತು ನಿಂತು, ಕೊನೆಗೆ ಎರಡೇ ಸುತ್ತಿದ್ದಳು. ಮುದುಕ ಬಣವೆ ಸವರಿಕೊಂಡು ಹೋಗಿ ಚಪ್ಪಡಿ ಕಲ್ಲಿನ ಮೇಲೆ ಕೂತ. ಸಿಡ್ಲ ಬಿಟ್ಟ ಬಾಣದ ಹಾಗೆ ಬಂದು, ಕಣ ಮೂರು ಸುತ್ತು ಹಾಕಿ, ಅವನ ಕಾಲ ಬಳಿ ಬಿದ್ದ.

"ಮಿಂಚೀ," ಎಂದು ಕರೆದ ಉಜ್ಜಿನಪ್ಪ. "ಬಾರವ್ವ. ಮಿಂಚೀ."

ಮೂರನೆಯ ಸಲ ಕರೆಯುವುದನ್ನು ಕೇಳಲಾಗದೆ ಚನ್ನವೀರಮ್ಮ ಬಣವೆಗೆ ಒರಗಿದಳು. ಆಗ ಗಂಡ ಅವಳನ್ನು ದಾಟಿ ಹೋದ. ಯಾರೂ ಹೋಗಬಾರದ ಆ ಕಲ್ಲಿನ ಮುಂದೆ ನಿಂತ. ಅವನನ್ನು ಕಂಡು ಸಿಡ್ಲ ಬಾಲ ಮುದುರಿ ಮುದುಕನ ಬೆನ್ನ ಹಿಂದೆ ಸರಿದ.

"ಅಪ್ಪಾ, ಆಕಿ ಬರಂಗಿಲ್ಲ. ನಾನ ಹೊಡದೆ. ಹಾರಿಲೆ." ತಡೆತಡೆದು ಎಲ್ಲವನ್ನೂ ಹೇಳಿದ. ಸೂಜಿ, ಬೋಗುಣಿ, ಬಾಲ ಆಡಿಸುತ್ತ ಬಂದದ್ದು, ಎಲ್ಲ.

ಉಜ್ಜಿನಪ್ಪ ಮುಖವನ್ನು ಆಕಾಶದ ಕಡೆಗೆ ಎತ್ತಿ ಹಿಡಿದ.

"ನನಗ ಅಳಬಾರದು ಅಂದಾರಲೇ ಡಾಕ್ಟ್ರು," ಎಂದ ಕೊನೆಗೆ. "ನಲವತ್ತು ದಿನ. ನೀ ಅಳು."

ಕೊಟ್ರಬಸಪ್ಪ ಕಲ್ಲಿನ ಬುಡದಲ್ಲಿ ಕುಸಿದು ಕೂತು ಅತ್ತ. ಮುದುಕ ತಡೆಯಲಿಲ್ಲ. ತಡವಿ ಅವನ ಕೈ ಹುಡುಕಿ, ಎರಡನೆಯ ರೊಟ್ಟಿಯನ್ನು ಅದರಲ್ಲಿಟ್ಟ.

"ಯಾರಿಗೂ ಹೇಳದೆ ಕಲಿಸಿದ್ದು ನನ್ನ ತಪ್ಪು. ಇನ್ನ ಮ್ಯಾಲೆ ನೀ ಹಾಕು. ಮೊದಲ ನೀ ತಿನ್ನು."

ಕೊಟ್ರಬಸಪ್ಪ ತುತ್ತು ಮುರಿದು ಬಾಯಿಗಿಟ್ಟ. ಅಳುವಿಗೆ ಗಂಟಲು ಕಟ್ಟಿತ್ತು, ತುತ್ತು ಇಳಿಯಲೊಲ್ಲದು. ಮುದುಕನ ಬೆನ್ನ ಹಿಂದಿನಿಂದ ಸಿಡ್ಲ ಒಂದೊಂದೇ ಹೆಜ್ಜೆ ಇಟ್ಟು ಮುಂದೆ ಬಂದ. ನಾಲ್ಕು ಮಾರು ದೂರದಲ್ಲಿ ಕೂತು, ಅವನ ಗಂಟಲನ್ನೇ ನೋಡುತ್ತ, ಕಾಯತೊಡಗಿದ.